ಬಾಗಿಲಾಚೆ ಕೇಳಿದ ನಾಟಕ

ಮಾರ್ಚ್ 9, ಸೋಮವಾರ

ಅಳಿಲು,

ಬೆಳಿಗ್ಗೆ ಆರೂವರೆ. ನಿನ್ನೆ ಎರಡು ಆಟವಿತ್ತು. ಮಧ್ಯಾಹ್ನ ನೂರಾ ಎಂಬತ್ತು ಜನ, ಸಂಜೆ ಮುನ್ನೂರು. ಕುರ್ಚಿಗಳ ಕೆಳಗೆ ಒಂದು ಕೊಡೆ, ಒಂದು ಕನ್ನಡಕದ ಡಬ್ಬಿ ಸಿಕ್ಕವು. ಇವತ್ತು ರಂಗಮಂದಿರಕ್ಕೆ ರಜೆ. ನಿನ್ನ ದೊಡ್ಡಮ್ಮ ತೀರಿಹೋದ ಮೇಲೆ ದಿನಾ ಹೀಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕಾಗದ ಬರೆಯಲು ಕೂತರೂ ಕೈ ಹಾಗೇ ಓಡುತ್ತದೆ, ಬೇಸರ ಮಾಡಿಕೊಳ್ಳಬೇಡ.

ನಿನಗೆ ನಾನು ಯಾವತ್ತೂ ಕಾಗದ ಬರೆದವನಲ್ಲ. ಈಗ ಬರೆಯಲು ಕಾರಣವಿದೆ. ಮೇ 17ರ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮಲ್ಲಿ ಗಡಿಯಾರದಂಗಡಿಯ ನಾಟಕ ಒಂದು ವಿಶೇಷ ರೀತಿಯಲ್ಲಿ ನಡೆಯುತ್ತದೆ. ಸದ್ದು, ಬೆಳಕು, ಜನಸಂದಣಿ ತಡೆಯಲಾಗದವರಿಗಾಗಿ ಈ ಆಟ. ಸಭಾಂಗಣದ ದೀಪ ಪೂರ್ತಿ ಆರಿಸುವುದಿಲ್ಲ. ಬಂದವರು ಏಳಬಹುದು, ಓಡಾಡಬಹುದು, ಮಾತಾಡಬಹುದು, ಹೊರಗೆ ಹೋಗಿ ಮತ್ತೆ ಒಳಗೆ ಬರಬಹುದು. ಬಾಗಿಲು ಮುಚ್ಚುವುದಿಲ್ಲ.

ಇದನ್ನು ಕೇಳಿದವನು ನಾನೇ. ನಮ್ಮ ಮ್ಯಾನೇಜರ್ ಮೇಡಂ ನನ್ನ ಮುಖವನ್ನೇ ನೋಡಿದರು. "ಮೂರನೇ ಗಂಟೆ ಬಾರಿಸಿದ್ಮೇಲೆ ಮಂತ್ರಿ ಬಂದ್ರೂ ಚಿಲಕ ತೆಗೀದೋರು ನೀವು. ಈ ಮಾತು ನೀವು ಹೇಳ್ತಿದೀರಾ? ಹುಷಾರಾಗಿದೀರಿ ತಾನೆ?" ಎಂದರು. ಹುಷಾರಾಗಿದ್ದೇನೆ ಎಂದೆ.

ಏನು ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಿನಗೆ ಎಷ್ಟೋ ಅನುಕೂಲ ಎಂದು ನಿನ್ನ ದೊಡ್ಡಮ್ಮ ಹೇಳುತ್ತಿದ್ದಳು. ಈ ನಾಟಕ ನೂರು ಸಲಕ್ಕಿಂತ ಹೆಚ್ಚು ಆಗಿದೆ, ನನಗೆ ಬಾಯಿಪಾಠ. ನಾಲ್ಕನೇ ನಿಮಿಷಕ್ಕೆ ಒಂದು ತಟ್ಟೆ ಬೀಳುತ್ತದೆ, ಚಮಚ ಬಿದ್ದಷ್ಟು ಸದ್ದು. ಹತ್ತೊಂಬತ್ತನೇ ನಿಮಿಷಕ್ಕೆ ಅಂಗಡಿಯ ಹನ್ನೊಂದು ಗಡಿಯಾರವೂ ಒಟ್ಟಿಗೆ ಹೊಡೆಯುತ್ತವೆ, ಬೀಗದ ಕೈ ಗೊಂಚಲು ಅಲ್ಲಾಡಿಸಿದ ಹಾಗೆ. ಮೂವತ್ತಮೂರಕ್ಕೆ ಅಳಿಯ ಬಾಗಿಲು ಬಡಿಯುತ್ತಾನೆ, ಪಕ್ಕದ ಮನೆಯಲ್ಲಿ ಯಾರೋ ಬೀರು ಮುಚ್ಚಿದ ಹಾಗೆ. ಐವತ್ತೆರಡಕ್ಕೆ ಜಗಳ, ಏನೂ ಜೋರಿಲ್ಲ. ಕೊನೆಗೆ ಚಪ್ಪಾಳೆ.

ಬರುತ್ತೀಯಾ? ನಿನ್ನ ಅಮ್ಮನಿಗೆ ನಾನು ಬರೆದಿಲ್ಲ.

ನಿನ್ನ ದೊಡ್ಡಪ್ಪ

*

ಮಾರ್ಚ್ 21

ದೊಡ್ಡಪ್ಪನವರಿಗೆ,

ನಿಮ್ಮ ಕಾಗದ ತಲುಪಿ ಹತ್ತು ದಿನವಾಯಿತು. ನಾನು ಬೀಜ ಪರೀಕ್ಷೆಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಒದ್ದೆ ಕಾಗದದ ಮೇಲೆ ನೂರು ಬೀಜವಿಟ್ಟು ಎಷ್ಟು ಮೊಳೆತವು ಎಂದು ಎಣಿಸುವುದು ನನ್ನ ಕೆಲಸ. ಹತ್ತು ದಿನ ತುಂಬುವ ಮೊದಲು ಏನೂ ತೀರ್ಮಾನ ಬರೆಯುವಂತಿಲ್ಲ. ನಿಮ್ಮ ಕಾಗದಕ್ಕೂ ಹಾಗೇ ಮಾಡಿದೆ.

ಪಟ್ಟಿಯನ್ನು ಮೂರು ಸಲ ಓದಿದೆ. ಅದರಲ್ಲಿ ಹೊಳೆಯುವಂಥದ್ದು ಒಂದೂ ಇಲ್ಲ. ವಾಸನೆ ಬರುವಂಥದ್ದಿಲ್ಲ. ಯಾರೂ ಓಡುವುದಿಲ್ಲ, ಯಾರೂ ಯಾರನ್ನೂ ಮುಟ್ಟುವುದಿಲ್ಲ. ಹನ್ನೊಂದು ಗಡಿಯಾರ ಸೇರಿದರೂ ಒಂದು ಬೀಗದ ಕೈ ಗೊಂಚಲನ್ನು ಮೀರುವುದಿಲ್ಲ. ಈ ನಾಟಕ ಪೆಟ್ಟಿಗೆಯೊಳಗೆ ನಡೆಯುತ್ತದೆಯೇ? ನೀವು ಎಲ್ಲಿ ನಿಂತು ಕೇಳಿದಿರಿ?

ಇನ್ನೊಂದು ವಿಷಯ. ಹದಿನಾಲ್ಕು ವರ್ಷದ ಹಿಂದೆ ನಾನು, ಅಮ್ಮ, ದೊಡ್ಡಮ್ಮ ನಿಮ್ಮ ರಂಗಮಂದಿರಕ್ಕೆ ಬಂದಿದ್ದೆವು. ಡೋಲು ಜೋರಾದಾಗ ಕಿವಿ ಮುಚ್ಚಿಕೊಂಡು ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆ ಸರಿಹೋಯಿತು, ಒಳಗೆ ಬಿಡಿ ಎಂದೆ. ನೀವು ತಲೆಯಾಡಿಸಿದಿರಿ. ಒಂದೂವರೆ ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ. ನೀವು ಎರಡು ಮಾರು ದೂರದಲ್ಲಿ ಗೋಡೆ ನೋಡುತ್ತ ನಿಂತಿದ್ದಿರಿ. ಅಮ್ಮ ಒಳಗೆ ನಿಶ್ಚಿಂತೆಯಿಂದ ಕೂತಿದ್ದಳು, ಹೊರಗೆ ಭಾವ ಇದ್ದಾರಲ್ಲ ಎಂದು. ಅವಳಿಗೆ ಇವತ್ತಿಗೂ ತಡೆಯಲಾಗದಿರುವುದು ಅದೇ.

ನನಗೆ ಆಗ ಹದಿಮೂರು. ನಾಟಕ ಬೇಡವಾಗಿ ನಾನು ಹೊರಗೆ ಬಂದಿರಲಿಲ್ಲ. ಉಸಿರು ತೆಗೆದುಕೊಳ್ಳಲು ಬಂದಿದ್ದೆ.

ಬರುತ್ತೇನೆ ಎನ್ನುತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಬೇಕು. ಮತ್ತು ನನ್ನನ್ನು ಅಳಿಲು ಎಂದು ಕರೆಯುತ್ತಿದ್ದವರು ದೊಡ್ಡಮ್ಮ.

ನಿಮ್ಮ ನಾದಿನಿಯ ಮಗಳು

*

ಏಪ್ರಿಲ್ 4, ಶನಿವಾರ

ಮಗೂ,

ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆ ಕಾಲೊರಸುಗಳನ್ನು ಒದರಿ ಹಾಕಿದೆ, ಆಮೇಲೆ ನಿನ್ನ ಪ್ರಶ್ನೆಗೆ ಉತ್ತರ ಹುಡುಕಲು ಹೋದೆ.

ನಾನು ನಿಂತು ಕೇಳಿದ್ದು ಬಾಗಿಲ ಹೊರಗೆ. ಆಟ ಶುರುವಾದ ಮೇಲೆ ನನ್ನ ಜಾಗ ಅದೇ. ಎರಡು ಪದರದ ಮರದ ಬಾಗಿಲು, ನಡುವೆ ದಪ್ಪ ಪರದೆ. ಮೂವತ್ತೊಂದು ವರ್ಷದಲ್ಲಿ ಇನ್ನೂರರ ಹತ್ತಿರ ನಾಟಕ ಕೇಳಿದ್ದೇನೆ. ಒಂದನ್ನೂ ನೋಡಿಲ್ಲ. ಇದು ವಿಚಿತ್ರವೆಂದು ನೀನು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಮೇಡಂ ಹತ್ತಿರ ಹೋಗಿ, "ಒಂದು ಸಲ ಒಳಗೆ ಕೂತ್ಕೊಳ್ಲಾ?" ಎಂದೆ.

"ಯಾಕೆ, ಕುರ್ಚಿ ಮುರಿದಿದ್ಯಾ?"

"ಇಲ್ಲ ಮೇಡಂ. ನಾಟಕ ನೋಡೋಕೆ."

"ನೋಡಿಲ್ವಾ ನೀವು?"

"ಕೇಳಿದೀನಿ."

ಲೈಟು ಹಾಕುವ ಹೆಂಗಸು ಏಣಿಯ ಮೇಲಿದ್ದಳು, ಅಲ್ಲಿಂದಲೇ ನಕ್ಕಳು. "ಅಡಿಗೆಮನೆ ಕಿಟಕೀಗೆ ಮೂಗು ಇಟ್ಕೊಂಡು ಮೂವತ್ತು ವರ್ಷ ಹೊಟ್ಟೆ ತುಂಬಿಸ್ಕೊಂಡ ಹಾಗಾಯ್ತಲ್ಲ ಅಣ್ಣ!"

ಸದ್ದು, ಬೆಳಕು ಇರುವ ಕಡೆಗಳನ್ನಷ್ಟೇ ನನಗಾಗಿ ಮಾಡಿ ತೋರಿಸಿದರು, ಉಳಿದದ್ದನ್ನು ಬಿಟ್ಟು ಮುಂದೆ ಹೋದರು. ನಾನು ನೋಟ್‌ಬುಕ್ ಹಿಡಿದು ಐದನೇ ಸಾಲಿನಲ್ಲಿ ಕೂತೆ. ನಾಲ್ಕನೇ ನಿಮಿಷದ ತಟ್ಟೆ ಚಮಚದ ಸದ್ದಲ್ಲ. ಅದು ಕಂಚಿನ ತಟ್ಟೆ, ಬಿದ್ದ ಮೇಲೆ ಹನ್ನೆರಡು ಎಣಿಸುವವರೆಗೆ ಗಿರಗಿರ ತಿರುಗುತ್ತದೆ. ಗಡಿಯಾರಗಳು ಹೊಡೆದಾಗ ನಾನು ಕೂತಲ್ಲಿಂದ ಎದ್ದು ನಿಂತೆ. ಎದೆಯೊಳಗೆ ಹೊಡೆದಂತಾಯಿತು. ನಲವತ್ತೊಂದನೇ ನಿಮಿಷಕ್ಕೆ ನೀಲಿ ಬೆಳಕು ಆರು ಸಲ ಹತ್ತಿ ಆರುತ್ತದೆ. ಆಮೇಲೆ ಹೊಗೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಐವತ್ತೆರಡಕ್ಕೆ ಅಳಿಯನ ಪಾತ್ರದವನು ವೇದಿಕೆಯಿಂದ ಹಾರಿ ಜನರ ನಡುವೆ ಓಡಿ ಬಂದು ಯಾರದಾದರೂ ಭುಜ ಹಿಡಿದು ಅವಿತುಕೊಳ್ಳುತ್ತಾನೆ. ಇವತ್ತು ಹಿಡಿದದ್ದು ನನ್ನದು. ನಾನು ಕಿರುಚಿದೆನೆಂದು ಎಲ್ಲರೂ ಹೇಳುತ್ತಾರೆ. ಇರಬಹುದು.

ನಿನಗೆ ತಪ್ಪು ಪಟ್ಟಿ ಕಳಿಸಿದ್ದೆ. ಅದನ್ನು ನಂಬಿ ನೀನು ಬಂದಿದ್ದರೆ ಏನಾಗುತ್ತಿತ್ತೋ! ಈಗ ಎಲ್ಲವನ್ನೂ ತೆಗೆಸಿಬಿಡುತ್ತೇನೆ. ತಟ್ಟೆ ಬೇಡ, ಗಡಿಯಾರ ಹೊಡೆಯುವುದು ಬೇಡ, ನೀಲಿ ಬೆಳಕೂ ಬೇಡ. ಮೇಡಂ ಒಪ್ಪುತ್ತಾರೆ.

ಇನ್ನು ಅವತ್ತಿನ ವಿಷಯ. ಮೂರನೇ ಗಂಟೆ ಬಾರಿಸಿದ ಮೇಲೆ ಬಾಗಿಲು ತೆರೆದರೆ ಹೊರಗಿನ ಬೆಳಕು ನೇರ ವೇದಿಕೆಗೆ ಬೀಳುತ್ತದೆ. ನಟರ ಗಮನ ಕದಲುತ್ತದೆ. ಒಬ್ಬರಿಗೆ ತೆರೆದರೆ ಹತ್ತು ಜನರಿಗೆ ತೆರೆಯಬೇಕು. ನನಗಿಂತ ಮೊದಲು ಇದ್ದವರೂ ಹಾಗೇ ನಡೆಸಿಕೊಂಡು ಬಂದರು. ನೆಂಟರಿಗೆ ಒಂದು, ಉಳಿದವರಿಗೆ ಒಂದು ಎಂದು ಯಾರೂ ಬೆರಳು ತೋರಿಸಬಾರದು ಎಂದು ನಾನು ಬಿಗಿಯಾಗಿದ್ದೆ. ಅದು ನಿಯಮ, ಮಗೂ.

ನಿನ್ನ ದೊಡ್ಡಪ್ಪ

*

ಏಪ್ರಿಲ್ 16

ದೊಡ್ಡಪ್ಪ,

ತೆಗೆಸಬೇಡಿ.

ಒಂದೂ ಗಡಿಯಾರ ಹೊಡೆಯದ ಗಡಿಯಾರದಂಗಡಿಯನ್ನು ನೋಡಲು ನಾನು ಮೂರು ಗಂಟೆ ಬಸ್ಸಿನಲ್ಲಿ ಕೂರಬೇಕೇ? ಎಲ್ಲರೂ ನೋಡುವ ನಾಟಕವೇ ನನಗೂ ಬೇಕು. ಸದ್ದು ಅರ್ಧ ಇಳಿಸಿ, ಸಾಕು. ಬರುವ ಮುಂಚೆ ಏನಾದರೂ ಗುರುತು ಕೊಡಿ. ಗೊತ್ತಿದ್ದರೆ ನಾನು ತಯಾರಾಗುತ್ತೇನೆ. ನಮ್ಮ ಕೇಂದ್ರದಲ್ಲಿ ಬೀಜ ಜರಡಿ ಹಿಡಿಯುವ ಯಂತ್ರ ಶುರುಮಾಡುವ ಮುಂಚೆ ಪಕ್ಕದ ಮೇಜಿನ ಅಕ್ಕ ಒಂದು ಕೈ ಎತ್ತುತ್ತಾಳೆ. ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೇನೆ, ಯಂತ್ರ ಗಡಗಡ ಎನ್ನುತ್ತದೆ, ನಾನು ಎಣಿಸುತ್ತಲೇ ಇರುತ್ತೇನೆ. ಏಳು ವರ್ಷದಿಂದ ಇಷ್ಟೇ ಏರ್ಪಾಡು.

ಹೊಗೆ ಮಾತ್ರ ಬೇಡ. ಅದು ಹೇಳಿ ಬಂದರೂ ಗಂಟಲಲ್ಲೇ ಕೂರುತ್ತದೆ. ನೀಲಿ ಬೆಳಕು ಹತ್ತಿ ಆರುವುದೂ ಬೇಡ, ಅದರಿಂದ ಫಿಟ್ಸ್ ಬರುವವರೂ ಇರುತ್ತಾರೆ. ಸುಮ್ಮನೆ ಹತ್ತಿ ಉಳಿಯಲಿ. ಅಳಿಯ ಯಾರನ್ನೂ ಮುಟ್ಟದೆ ಓಡಲಿ.

ಇವಕ್ಕೂ ಉತ್ತರ ಬರೆಯಿರಿ. ಬಾಗಿಲಿಗೆ ಹತ್ತಿರದ, ಸಾಲಿನ ತುದಿಯ ಕುರ್ಚಿ ಯಾವುದು? ಗಾಲಿಕುರ್ಚಿಯಲ್ಲಿ ಬರುವವರನ್ನು ಎಲ್ಲಿ ಕೂರಿಸುತ್ತೀರಿ, ದಾರಿಯಲ್ಲಿ ಅಲ್ಲ ತಾನೆ? ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರವಿದೆಯೇ? ಕೈ ಚಾಚಿದ ತಕ್ಷಣ ತಾನಾಗಿ ಅಬ್ಬರಿಸುವಂಥದ್ದೇ? ನಾಟಕಕ್ಕಿಂತ ನನಗೆ ಅದರದ್ದೇ ಭಯ. ಹೊರಗೆ ಬಂದರೆ ಕೂರಲು ಯಾವ ಕೋಣೆ? ಫೋಟೋ ಇದ್ದರೆ ಕಳಿಸಿ.

ನಿಯಮದ ಬಗ್ಗೆ ಅಷ್ಟುದ್ದ ಬರೆದಿದ್ದೀರಿ. ನಾನು ನಿಯಮದ ಬಗ್ಗೆ ಕೇಳಿರಲಿಲ್ಲ.

ನಿಮ್ಮ ನಾದಿನಿಯ ಮಗಳು

*

ಮೇ 5, ಮಂಗಳವಾರ

ಮಗೂ,

ಬೆಳಿಗ್ಗೆ ಏಳು. ನಿನ್ನೆ ರಜೆ, ಆದರೂ ಎಲ್ಲರೂ ಬಂದಿದ್ದರು. ಮೊದಲು ನಿನ್ನ ಪ್ರಶ್ನೆಗಳು. ಎಫ್ ಸಾಲಿನ ಒಂದನೇ ಕುರ್ಚಿ, ಬಾಗಿಲಿಗೆ ಏಳು ಹೆಜ್ಜೆ. ಅದರ ಮುಂದಿನ ಕುರ್ಚಿ ಮಾರುತ್ತಿಲ್ಲ, ಕಾಲು ಚಾಚಬಹುದು. ಮೂರನೇ ಸಾಲಿನಲ್ಲಿ ನಾಲ್ಕು ಕುರ್ಚಿ ಬಿಚ್ಚಿಸಿದ್ದೇವೆ. ಗಾಲಿಕುರ್ಚಿಯವರು ತಮ್ಮ ಮನೆಯವರ ಪಕ್ಕದಲ್ಲೇ ಕೂರುತ್ತಾರೆ. ಕೈ ಒಣಗಿಸುವ ಯಂತ್ರ ಇದೆ, ತಾನಾಗಿಯೇ ಅಬ್ಬರಿಸುವಂಥದ್ದೇ. ಅದರ ತಂತಿ ಕಿತ್ತಿಟ್ಟು ಕಾಗದದ ಟವೆಲ್ ಇಡಿಸಿದ್ದೇನೆ. ಹೊರಗೆ ಬಂದವರಿಗೆ ಬಟ್ಟೆಗಳ ಕೋಣೆ: ಹಳೆಯ ವೇಷಗಳು ತುಂಬಿರುವುದರಿಂದ ಅಲ್ಲಿ ಸದ್ದೇ ಕೇಳುವುದಿಲ್ಲ. ಆರು ಫೋಟೋ ಇಟ್ಟಿದ್ದೇನೆ. ಕೊನೆಯದರಲ್ಲಿ ನನ್ನ ಹೆಬ್ಬೆರಳೂ ಬಂದಿದೆ.

ಗಡಿಯಾರ ಹೊಡೆಯುವ ಮುಂಚೆ ಹತ್ತು ಎಣಿಸುವಷ್ಟು ಹೊತ್ತು ವೇದಿಕೆಯ ಎಡಮೂಲೆಯಲ್ಲಿ ಒಂದು ಹಳದಿ ದೀಪ ಹತ್ತುತ್ತದೆ. ತಟ್ಟೆಗೂ ಬಾಗಿಲು ಬಡಿಯುವುದಕ್ಕೂ ಹಾಗೇ. ಇದು ಲೈಟಿನವಳ ಉಪಾಯ. ಕೊನೆಗೆ ಚಪ್ಪಾಳೆಯ ಬದಲು ಕೈ ಬೀಸಿ ಎಂದು ಮೇಡಂ ಮೊದಲೇ ಹೇಳುತ್ತಾರೆ.

ಗಡಿಯಾರದಂಗಡಿಯ ಯಜಮಾನನ ಪಾತ್ರದವರು ಮಾತ್ರ ರೇಗಿದ್ದರು. ಜೀವಮಾನವೆಲ್ಲ ರಾಜನ ಪಾತ್ರ ಮಾಡಿದವರು, ಎಲ್ಲರೂ ಅವರನ್ನು ದೊರೆ ಎಂದೇ ಕರೆಯುವುದು. "ನಾನು ಮಾತಾಡ್ತಿರುವಾಗ ಜನ ಎದ್ದು ಓಡಾಡೋದಾ? ನಾನೇನು ಬಸ್ ಸ್ಟ್ಯಾಂಡಾ?" ಎಂದರು.

"ದೊರೆ, ಬಸ್ ಸ್ಟ್ಯಾಂಡಲ್ಲಾದ್ರೆ ಹೋದೋರು ವಾಪಸ್ ಬರಲ್ಲ. ಇಲ್ಲಿ ಬರ್ತಾರೆ," ಎಂದಳು ಲೈಟಿನವಳು.

"ನೀನು ಸುಮ್ನಿರಮ್ಮ. ಬಾಗಿಲಣ್ಣ, ನೀವು ಹೇಳಿ. ನಿಮ್ಮ ಕೈಯಲ್ಲೇ ಮೂವತ್ತು ವರ್ಷ ಈ ಸಭೇನ ಕಾಯಿಸಿದೀನಿ. ಈಗ ನೀವೇ ಬಾಗಿಲು ಹಾರು ಹೊಡೀತೀರಾ?"

ನಾನು ಸಭೆಯಲ್ಲಿ ಮಾತಾಡುವವನಲ್ಲ. ಆದರೆ ಅವರು ಕೇಳಿದ್ದರಿಂದ ಹೇಳಿದೆ. ನನ್ನ ಹೆಂಡತಿಯ ತಂಗಿಯ ಮಗಳನ್ನು ಒಂದು ದಿನ ಹೊರಗೆ ಕೂರಿಸಿದೆ, ಅವಳಿಗೆ ಹದಿಮೂರು ವರ್ಷ, ಪಾಪ ಒಂದೂವರೆ ಗಂಟೆ ಮೆಟ್ಟಿಲ ಮೇಲೆ ಕೂತಿದ್ದಳು ಎಂದೆ. ದೊರೆ ಬಹಳ ಹೊತ್ತು ಮೀಸೆ ತಿರುವಿದರು. ಆಮೇಲೆ, "ಸರಿ, ನಡೀರಿ. ನಾನು ಡೈಲಾಗ್ ಹೇಳ್ತೀನಿ, ನೀವೆಲ್ಲ ಅಡ್ಡಾಡಿ. ಅಭ್ಯಾಸ ಆಗ್ಬೇಕಲ್ಲ," ಎಂದರು. ನಾವು ಏಳು ಜನ ಒಂದು ಗಂಟೆ ಒಳಗೆ ಹೊರಗೆ ನಡೆದೆವು. ಅವರು ಒಂದು ಮಾತೂ ತಪ್ಪಲಿಲ್ಲ.

ನೀನು ಕೇಳಿದ್ದು ನಿಯಮವಲ್ಲ, ಗೊತ್ತಿದೆ. ಅವತ್ತು ಚಿಲಕ ನನ್ನ ಕೈಯಲ್ಲಿತ್ತು. ತೆಗೆಯಬಹುದಿತ್ತು. ತೆಗೆಯಲಿಲ್ಲ. ಪಕ್ಕದಲ್ಲಿ ಬಂದು ಕೂರಲೂ ಇಲ್ಲ, ಕೂತರೆ ತೆಗೆದುಬಿಡುತ್ತೇನೆ ಎಂಬ ಹೆದರಿಕೆಯಿತ್ತು. ತಪ್ಪು ನನ್ನದು.

ಅಲ್ಲಿಯವರೆಗೆ ನಿನ್ನ ದೊಡ್ಡಮ್ಮ ನಾನು ಮನೆಗೆ ಬಂದ ಕೂಡಲೇ "ಹೇಗಿತ್ತು ಇವತ್ತಿನ ನಾಟಕ?" ಎನ್ನುತ್ತಿದ್ದಳು. ಆ ದಿನದಿಂದ ಕೇಳಲಿಲ್ಲ. ಊಟ ಬಡಿಸುತ್ತಿದ್ದಳು, ಬೇರೆಲ್ಲ ಮಾತಾಡುತ್ತಿದ್ದಳು. ಅವಳಿಗೆ ನಾಟಕ ಸಾಕಾಯಿತೇನೋ ಎಂದುಕೊಂಡಿದ್ದೆ.

ದೊಡ್ಡಪ್ಪ

*

ಮೇ 11

ದೊಡ್ಡಪ್ಪ,

ಎಫ್ ಒಂದು ನನಗಿರಲಿ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟು ಒಂಬತ್ತೂವರೆಗೆ ಅಲ್ಲಿ ಇಳಿಯುತ್ತೇನೆ. ನಿಲ್ದಾಣಕ್ಕೆ ಬರಬೇಡಿ, ಫೋಟೋ ನೋಡಿಕೊಂಡು ನಾನೇ ನಡೆದು ಬರುತ್ತೇನೆ.

ಅಮ್ಮನಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದಳು. ನಿಲ್ಲಿಸಲಿಲ್ಲ, ಆದರೆ ಒಂದೇ ಲೋಟವನ್ನು ಬಹಳ ಹೊತ್ತು ತೊಳೆದಳು.

ಅಳಿಲು

*

ಮೇ 17, ಭಾನುವಾರ

ತಂಗೀ,

ಸಂಜೆ ಐದು ಗಂಟೆ. ಬೆಳಿಗ್ಗೆ ಹನ್ನೊಂದರ ಆಟಕ್ಕೆ ಅರವತ್ತನಾಲ್ಕು ಜನ ಬಂದಿದ್ದರು, ಅದರಲ್ಲಿ ಒಬ್ಬಳು ನಿನ್ನ ಮಗಳು. ಅವಳು ಕ್ಷೇಮವಾಗಿದ್ದಾಳೆ. ನಡೆದದ್ದನ್ನು ನನ್ನ ಕೈಯಿಂದಲೇ ಬರೆದುಕೊಡಬೇಕೆಂದು ಅವಳ ಅಪ್ಪಣೆ.

ಹತ್ತಕ್ಕೆ ಬಂದಳು. ಜನ ಸೇರುವ ಮೊದಲು ಸಭಾಂಗಣವನ್ನೆಲ್ಲ ಸುತ್ತಿ ನೋಡಿದಳು. ಎಫ್ ಒಂದರಿಂದ ಬಾಗಿಲಿಗೆ ಎರಡು ಸಲ ನಡೆದು, "ಏಳಲ್ಲ, ಎಂಟು ಹೆಜ್ಜೆ. ನಿಮ್ಮ ಕಾಲು ಉದ್ದ," ಎಂದಳು. ನೋಟ್‌ಬುಕ್ಕಿನಲ್ಲಿ ತಿದ್ದಿಕೊಂಡೆ.

ಆಟ ಶುರುವಾದ ಮೇಲೆ ನಾನು ಒಳಗೇ ಇದ್ದೆ, ತೆರೆದ ಬಾಗಿಲಿಗೆ ಬೆನ್ನು ಕೊಟ್ಟು. ಹಳದಿ ದೀಪ ಹತ್ತಿತು, ನಿನ್ನ ಮಗಳು ಕಿವಿಗೆ ಮುಚ್ಚಳ ಹಾಕಿಕೊಂಡಳು, ಹನ್ನೊಂದು ಗಡಿಯಾರವೂ ಹೊಡೆದವು, ಅವಳು ನಗುತ್ತಿದ್ದಳು. ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ, ಅವರಿಗೆ ಮರೆವಿನ ಕಾಯಿಲೆಯಂತೆ. ದೊರೆ ವೇದಿಕೆಯ ಮೇಲೆ "ಈಗ ಗಂಟೆ ಎಷ್ಟಾಯ್ತು?" ಎಂದು ಕೇಳಿದಾಗ ಅಜ್ಜಿ ಕೂತಲ್ಲಿಂದಲೇ "ಹನ್ನೊಂದೂ ಇಪ್ಪತ್ತು!" ಎಂದು ಕೂಗಿದರು. ದೊರೆ ತಿರುಗಿ ನೋಡಿ, "ಇಡೀ ಅಂಗಡೀಲಿ ಸರಿಯಾಗಿ ಓಡ್ತಿರೋದು ಈ ಅಮ್ಮನವರೊಬ್ಬರೇ!" ಎಂದರು. ಅಂಥ ನಗು ಆ ಸಭೆಯಲ್ಲಿ ನಾನು ಕೇಳಿಲ್ಲ. ಆಮೇಲೆ ಅಜ್ಜಿ ಕೊನೆಯವರೆಗೂ ಅವರಿಗೆ ಗಂಟೆ ಹೇಳುತ್ತಲೇ ಇದ್ದರು.

ನಿನ್ನ ಮಗಳು ಎರಡು ಸಲ ಹೊರಗೆ ಹೋಗಿ ಎರಡು ಸಲ ಬಂದಳು. ನಾನು ಏನೂ ಕೇಳಲಿಲ್ಲ, ದಾರಿ ಬಿಟ್ಟೆ.

ಐವತ್ತೆಂಟನೇ ನಿಮಿಷದಲ್ಲಿ ಮೂರು ನಿಮಿಷ ಏನೂ ಕೇಳದ ಒಂದು ಭಾಗವಿದೆ. ಬಾಗಿಲಾಚೆ ನಿಂತು ಅಷ್ಟು ವರ್ಷ, ಸೆಟ್ ಬದಲಾಯಿಸುತ್ತಿದ್ದಾರೆ ಎಂದೇ ನಾನು ತಿಳಿದದ್ದು. ಹೋದ ತಿಂಗಳು ಸದ್ದಿನ ಭಾಗಗಳನ್ನು ನನಗೆ ತೋರಿಸುವಾಗಲೂ ಅದನ್ನು ಬಿಟ್ಟಿದ್ದರು. ಅದು ದೃಶ್ಯ, ತಂಗಿ. ಗಡಿಯಾರದ ಯಜಮಾನ ಅಂಗಡಿ ಮುಚ್ಚಿ ಮೇಲೆ ಬರುತ್ತಾನೆ. ಅವನ ಹೆಂಡತಿ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಎರಡು ಲೋಟ ಇಡುತ್ತಾನೆ. ನೋಡುತ್ತಾನೆ. ಒಂದನ್ನು ತೆಗೆದು ಮತ್ತೆ ಕಪಾಟಿನಲ್ಲಿಡುತ್ತಾನೆ. ಅಷ್ಟೇ.

ನಾನು ಹೊರಗೆ ಬಂದುಬಿಟ್ಟೆ. ಮೆಟ್ಟಿಲ ಮೇಲೆ ಕೂತೆ. ನಿನ್ನ ಅಕ್ಕನಿಗಾಗಿ ಅಳುವುದಕ್ಕೆ ನನಗೆ ಇಷ್ಟು ತಿಂಗಳು ಸಮಯವೇ ಆಗಿರಲಿಲ್ಲ.

ನಿನ್ನ ಮಗಳು ಹಿಂದೆಯೇ ಬಂದಳು. ಸ್ವಲ್ಪ ದೂರದಲ್ಲಿ ನಿಂತು, "ದೊಡ್ಡಪ್ಪ, ಇದನ್ನ ಪಟ್ಟೀಲಿ ಬರೆದಿರ್ಲಿಲ್ಲ ನೀವು," ಎಂದಳು.

"ನಂಗೇ ಗೊತ್ತಿರ್ಲಿಲ್ಲ ಕಣಮ್ಮ."

"ಮಾತಾಡ್ಲಾ, ಸುಮ್ನಿರ್ಲಾ?"

"ಸುಮ್ನಿರು."

ಪಕ್ಕದಲ್ಲಿ ಬಂದು ಕೂತಳು, ನಡುವೆ ಒಂದು ಗೇಣು ಬಿಟ್ಟು. ನಾನು ಮುಖ ಒರೆಸಿಕೊಂಡದ್ದು ನೋಡಿ, "ಆಯ್ತಾ? ಬನ್ನಿ, ಇನ್ನೂ ಹನ್ನೆರಡು ನಿಮಿಷ ಇದೆ," ಎಂದಳು. ಇಬ್ಬರೂ ಒಳಗೆ ಹೋದೆವು. ಅಜ್ಜಿಯ ಪಕ್ಕ ಎರಡು ಕುರ್ಚಿ ಖಾಲಿಯಿತ್ತು, ಅಲ್ಲಿ ಕೂತು ಕೊನೆಯನ್ನು ನೋಡಿದೆವು. ಅಳಿಯನೇ ಗಡಿಯಾರಗಳನ್ನು ಹಿಂದಕ್ಕೆ ತಿರುಗಿಸಿದ್ದಂತೆ. ನನಗೆ ಯಾವತ್ತೂ ಅವನ ಮೇಲೆ ಅನುಮಾನವಿರಲಿಲ್ಲ.

ಪ್ರತಿ ತಿಂಗಳ ಮೂರನೇ ಭಾನುವಾರ ಹೀಗೇ ಒಂದು ಆಟ ಇರಲಿ ಎಂದು ಮೇಡಂ ತೀರ್ಮಾನಿಸಿದ್ದಾರೆ. ಪಟ್ಟಿ ಬರೆಯುವ ಕೆಲಸ ನನ್ನದು, ತಿದ್ದುವ ಕೆಲಸ ನಿನ್ನ ಮಗಳದು.

ಸಂಜೆಯ ಬಸ್ಸಿನಲ್ಲಿ ಜನ ಜಾಸ್ತಿ ಎಂದು ಅವಳು ಇವತ್ತು ಹೊರಟಿಲ್ಲ, ನಿನಗೆ ಫೋನಿನಲ್ಲಿ ಹೇಳಿದಳಲ್ಲ. ಇಲ್ಲಿ ಮನೆಯಲ್ಲೇ ಇದ್ದಾಳೆ. ಫ್ರಿಜ್ಜು ಗುಂಯ್‌ಗುಡುತ್ತದೆಂದು ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆಸಿದಳು. ಈಗ ನಿನ್ನ ಅಕ್ಕನ ಕೋಣೆಯಲ್ಲಿ ಮಲಗಿದ್ದಾಳೆ.

ಅವತ್ತು ನೀನು ನನ್ನನ್ನು ನಂಬಿ ಒಳಗೆ ಕೂತಿದ್ದೆ. ಅವಳಲ್ಲಿ ಕ್ಷಮೆ ಕೇಳಿದ್ದೇನೆ, ನಿನ್ನಲ್ಲೂ ಕೇಳುತ್ತಿದ್ದೇನೆ.

ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತೇನೆ. ನಾಳೆ ಅವಳಿಗೆ ಕೆಲಸವಿದೆ. ಬೆಳಿಗ್ಗೆ ಆರೂ ಕಾಲಿನ ಬಸ್ಸು ಹತ್ತಿಸುತ್ತೇನೆ, ಒಂಬತ್ತೂ ಕಾಲಿಗೆ ಅಲ್ಲಿರುತ್ತಾಳೆ.

ಭಾವ